ಲೌಕಿಕ ಗುರುವಿನ ಋಣ

ಭಾದ್ರಪದ ಕೃಷ್ಣಪಕ್ಷದಲ್ಲಿ ಪಕ್ಷಶ್ರಾದ್ಧದ ದಿವಸ ತರ್ಪಣಕ್ಕೆ ಕುಳಿತವರಿಗೆಲ್ಲ ತಿಳಿದಿರುವಂತೆ, ತಂದೆ, ಅಜ್ಜ, ಮುತ್ತಜ್ಜರಿಂದ ಮೊದಲಾಗಿ ತಾಯಿಯ ಕಡೆಯವರು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಾವಂದಿರು ಇವರೆಲ್ಲರ ಹೆಸರುಗಳಾದ ತರುವಾಯ ಗುರು, ಆಚಾರ್ಯ, ಸಖ ಎಂಬ ಸ್ಥಾನಗಳು ಬರುತ್ತವೆ. ಗುರುವಿನ ಸ್ಥಾನದಲ್ಲಿ ನಾವು ಪ್ರತಿವರ್ಷವೂ ನಮಗೆ ಶಾಸ್ತ್ರಪಾಠ ಹೇಳಿದ ಪೂಜ್ಯರ ಹೆಸರನ್ನು ಹೇಳುತ್ತ ಬಂದಿದ್ದೇವೆ. ಈ ವರ್ಷ ಅದರೊಡನೆ ಇನ್ನೊಂದು ಹೆಸರನ್ನು ಸೇರಿಸಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ಹೆಸರು ಹೇಳಿದೆವು. ಪುರೋಹಿತರು, "ಗೋತ್ರ?" ಎಂದರು. ನಮಗೆ ತಿಳಿದಿರಲಿಲ್ಲ.

ಆ ಹೆಸರಿನವರು ಹೋದ ವರ್ಷದ ವೈಶಾಖದಲ್ಲಿ ಗದಗಿನಲ್ಲಿ ತೀರಿಕೊಂಡ ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಬೆಟಗೇರಿಯ ನೇಕಾರರ ಮನೆತನದವರು. ನೇಕಾರ ಸಮಾಜಗಳಲ್ಲಿಯೂ ಋಷಿಗೋತ್ರ ಹೇಳುವ ಪದ್ಧತಿ ಉಂಟು. ಆದರೆ ನಾಲ್ವತ್ತಕ್ಕೂ ಹೆಚ್ಚು ವರ್ಷಗಳ ಪರಿಚಯದಲ್ಲಿ ನಾವು ಒಮ್ಮೆಯೂ ಅದನ್ನು ಅವರಲ್ಲಿ ಕೇಳಿರಲಿಲ್ಲ. ಪುರೋಹಿತರು ಸಜ್ಜನರು, ನಮ್ಮ ಮುಖವನ್ನು ನೋಡಿ, "ಗೋತ್ರ ತಿಳಿಯದಿದ್ದರೆ ಕಾಶ್ಯಪ ಎನ್ನುವ ರೂಢಿ ಉಂಟು. ಆದರೆ ಶಾಲೆಯಲ್ಲಿ ಲೌಕಿಕ ವಿದ್ಯೆ ಹೇಳಿದವರನ್ನು ಗುರುಸ್ಥಾನದಲ್ಲಿ ಹೇಳಬಹುದೇ ಎಂಬುದನ್ನು ತಿಳಿದವರಲ್ಲಿ ವಿಚಾರಿಸಿ. ಅಮಾವಾಸ್ಯೆಗೆ ಇನ್ನೂ ಸಮಯವಿದೆ" ಎಂದರು. ಆ ದಿವಸ ಹೆಸರನ್ನು ಹೇಳದೆಯೇ ಎದ್ದೆವು. ಆದರೆ ಪ್ರಶ್ನೆ ಮಾತ್ರ ನಮ್ಮನ್ನು ಬಿಟ್ಟು ಏಳಲಿಲ್ಲ. ನಮ್ಮ ಮನೆಗಳ ಮಕ್ಕಳೆಲ್ಲರೂ ಶಾಲೆಗಳಲ್ಲಿ ಓದಿದವರೇ. ಅನ್ನಕ್ಕೆ ದಾರಿಯಾದ ವಿದ್ಯೆಯನ್ನು ಹೇಳಿಕೊಟ್ಟವರು ಬಹುಪಾಲು ನಮ್ಮ ಮಠಗಳ ಶಿಷ್ಯರಲ್ಲ. ಅವರ ಋಣಕ್ಕೆ ಹೆಸರೇನು, ಅದನ್ನು ತೀರಿಸುವ ಬಗೆ ಯಾವುದು ಎಂಬುದು ನಮ್ಮೊಬ್ಬರ ಪ್ರಶ್ನೆಯಲ್ಲವೆಂದು ತೋರಿದ್ದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಮಾಸ್ತರರ ವಿಷಯ ಒಂದೆರಡು ಮಾತು ಹೇಳದಿದ್ದರೆ ವಿಚಾರ ಮುಂದೆ ಸಾಗದು.

ಎಂಟನೆಯ ತರಗತಿಯಲ್ಲಿ ಒಂದು ದಿವಸ ನೀರು ಕುದಿಯುವ ಉಷ್ಣತೆಯನ್ನು ಅಳೆಯುವ ಪ್ರಯೋಗವಿತ್ತು. ಸ್ಪಿರಿಟ್ ದೀಪ, ಅದರ ಮೇಲೆ ತಂತಿಯ ಜಾಳಿಗೆ, ಗಾಜಿನ ಪಾತ್ರೆಯಲ್ಲಿ ನೀರು, ಸ್ಟ್ಯಾಂಡಿಗೆ ಕಟ್ಟಿದ ಉಷ್ಣಮಾಪಕ. ನಾಲ್ಕು ನಾಲ್ಕು ಜನರ ಗುಂಪು. ನೀರು ತಳಮಳ ಕುದಿಯಿತು. ಪಾದರಸ ಏರುತ್ತ ಹೋಗಿ 98ರ ಗೆರೆಯ ಹತ್ತಿರ ನಿಂತಿತು, ಮುಂದೆ ಹೋಗಲೊಲ್ಲದು. ಪುಸ್ತಕದಲ್ಲಿ 100 ಎಂದಿತ್ತು. ನಾವು ಜರ್ನಲ್ಲಿನಲ್ಲಿ ಅಂದವಾಗಿ 100 ಎಂದು ಬರೆದೆವು. ನಮ್ಮ ಗುಂಪಿನವರೆಲ್ಲರೂ ಹಾಗೆಯೇ ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ, ಪಾಠದಲ್ಲಿ ಮುಂದಿದ್ದವನೇನೂ ಅಲ್ಲ, 98 ಎಂದು ಬರೆದಿದ್ದನು.

ಮಾಸ್ತರರು ಅವನಿಗೆ ಪೂರ್ಣ ಅಂಕಗಳನ್ನು ಕೊಟ್ಟರು. ನಮಗೆ ಸೊನ್ನೆ. ನಾವು ಅಳುಮುಖ ಮಾಡಿಕೊಂಡು ಪುಸ್ತಕವನ್ನು ತೆರೆದು ತೋರಿಸಿದೆವು. "ಪುಸ್ತಕ ಸುಳ್ಳು ಹೇಳಿಲ್ಲ, ತಮ್ಮಾ. ಆದರ ನೀ ಪುಸ್ತಕ ನೋಡಿ ಬರದೀಯೋ, ಮಾಪಕ ನೋಡಿ ಬರದೀಯೋ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಜಾಣನೊಬ್ಬನು ಎದ್ದು ಉಷ್ಣಮಾಪಕವೇ ಕೆಟ್ಟಿರಬಹುದೆಂದನು. ಮಾಸ್ತರರಿಗೆ ಆ ಮಾತು ಬಹಳ ಸಂತೋಷವನ್ನುಂಟುಮಾಡಿತು. ಮರುದಿವಸ ಪೇಟೆಯಿಂದ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ತರಿಸಿ, ಕರಗುವ ಮಂಜಿನಲ್ಲಿ ಅದೇ ಮಾಪಕವನ್ನಿಟ್ಟು ತೋರಿಸಿದರು. ಪಾದರಸ ಸೊನ್ನೆಗೆ ಸರಿಯಾಗಿ ನಿಂತಿತು. ಆಮೇಲೆ ಪಾಠದ ಪುಸ್ತಕದಲ್ಲಿ ನಾವು ಓದದೆ ಬಿಟ್ಟಿದ್ದ ಅರ್ಧವಾಕ್ಯವನ್ನು ಓದಿಸಿದರು. ನೂರು ಡಿಗ್ರಿಯೆಂಬುದು ಸಮುದ್ರಮಟ್ಟದ ವಾಯುಭಾರದಲ್ಲಿ. ಗದಗು ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ. ಸುಮಾರು 300 ಮೀಟರು ಮೇಲೇರಿದಂತೆಲ್ಲ ನೀರು ಒಂದು ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ. ಲೆಕ್ಕ ಹಾಕಿದರೆ 98ರ ಆಸುಪಾಸೇ ಬರುತ್ತದೆ. ಮಾಪಕವೂ ನಿಜವನ್ನೇ ಹೇಳಿತ್ತು, ಪುಸ್ತಕವೂ ನಿಜವನ್ನೇ ಹೇಳಿತ್ತು. ಸುಳ್ಳು ಇದ್ದದ್ದು ನಮ್ಮ ಜರ್ನಲ್ಲಿನಲ್ಲಿ ಮಾತ್ರ.

ಮುಂದೆ ಎಷ್ಟೋ ವರ್ಷಗಳ ಮೇಲೆ ಪ್ರಮಾಣಪದ್ಧತಿಯ ಪಾಠಕ್ಕೆ ಕುಳಿತಾಗ, ಆಗಮಕ್ಕೂ ಪ್ರತ್ಯಕ್ಷಕ್ಕೂ ವಿರೋಧ ತೋರಿದಲ್ಲಿ ಏನು ಮಾಡಬೇಕೆಂಬ ವಿಚಾರ ಬಂದಿತು. ಆಗಮಕ್ಕೆ ಆಧಾರವಾಗಿ ನಿಂತ ಪ್ರತ್ಯಕ್ಷವನ್ನೇ ಆಗಮವು ಕಡಿದುಹಾಕಲಾರದು. ಹಾಗೆ ತೋರಿದಲ್ಲಿ ವಾಕ್ಯದ ಅರ್ಥವನ್ನು ನಾವು ಸರಿಯಾಗಿ ಹಿಡಿದಿಲ್ಲವೆಂದು ತಿಳಿಯಬೇಕು ಎಂದು ನಮ್ಮ ಗುರುಗಳು ವಿವರಿಸಿದರು. ಶ್ರೀ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಪ್ರತ್ಯಕ್ಷದ ಪ್ರಾಬಲ್ಯವನ್ನು ಎಷ್ಟು ವಿಸ್ತಾರವಾಗಿ ಸಾಧಿಸಿದ್ದಾರೆಂಬುದು ತಿಳಿದವರಿಗೆ ತಿಳಿದದ್ದೇ. ಜೊತೆಯಲ್ಲಿದ್ದ ವಿದ್ಯಾರ್ಥಿಗಳಿಗೆ ಆ ಭಾಗ ಕಠಿನವಾಯಿತು. ನಮಗೆ ಕಠಿನವಾಗಲಿಲ್ಲ. ನಮ್ಮ ಕಣ್ಣ ಮುಂದೆ 98ರ ಗೆರೆಯೂ, ಓದದೆ ಬಿಟ್ಟ ಅರ್ಧವಾಕ್ಯವೂ ನಿಂತಿದ್ದವು.

ಇನ್ನು ಗ್ರಹಣದ ಮಾತು. 1980ನೆಯ ಫೆಬ್ರವರಿ 16, ಸಿದ್ಧಾರ್ಥಿ ಸಂವತ್ಸರದ ಮಾಘ ಅಮಾವಾಸ್ಯೆ, ಶನಿವಾರ. ಅಂಕೋಲೆಯ ಕರಾವಳಿಯಿಂದ ರಾಯಚೂರಿನವರೆಗೆ ಖಗ್ರಾಸ ಸೂರ್ಯಗ್ರಹಣದ ದಾರಿ ನಮ್ಮ ನಾಡಿನ ನಡುವೆಯೇ ಹಾದುಹೋಗಿತ್ತು. ಹುಬ್ಬಳ್ಳಿಯ ಬಳಿ ವಿಜ್ಞಾನಿಗಳು ದೊಡ್ಡ ಯಂತ್ರಗಳನ್ನು ಹೂಡಿಕೊಂಡು ಕುಳಿತಿದ್ದರು. ನಮ್ಮ ಊರು ಆ ದಾರಿಯ ಒಳಗೇ ಇತ್ತು. ಮಾಸ್ತರರು ಹಿಂದಿನ ವಾರವೇ, ಬರಿಗಣ್ಣಿನಿಂದ ಯಾರೂ ನೋಡಕೂಡದು, ಶಾಲೆಯ ಅಂಗಳಕ್ಕೆ ಬಂದರೆ ಕಾಗದದ ಮೇಲೆ ಸೂರ್ಯನನ್ನು ಇಳಿಸಿ ತೋರಿಸುತ್ತೇನೆ ಎಂದು ಹೇಳಿದ್ದರು. ನಮ್ಮ ಮನೆಯಲ್ಲಿ ಅಜ್ಜನವರು, "ವೇಧ ಹಿಡಿದ ಹೊತ್ತಿನಲ್ಲಿ ಹುಡುಗ ಮನೆ ಬಿಟ್ಟು ಹೋಗಕೂಡದು" ಎಂದು ಖಂಡಿತವಾಗಿ ನುಡಿದರು. ನಾವು ಹೋಗಿ ಮಾಸ್ತರರಿಗೆ ಹಾಗೆಯೇ ತಿಳಿಸಿದೆವು. ಅವರು ಅಜ್ಜನವರನ್ನು ಹಳಿಯಲಿಲ್ಲ, ನಮ್ಮನ್ನು ಹೇಡಿಯೆನ್ನಲಿಲ್ಲ. ಆ ದಿವಸ ಶಾಲೆಯ ಅಂಗಳದಲ್ಲಿ ಉಳಿದ ಹುಡುಗರಿಗೆ ವ್ಯವಸ್ಥೆ ಮಾಡಿಕೊಟ್ಟು, ಸೈಕಲ್ಲು ಹತ್ತಿ ನಮ್ಮ ಮನೆಗೆ ಬಂದರು.

"ಆಚಾರ್ಯರ, ನೀವು ಜಪಾ ಮಾಡ್ರಿ. ನಿಮ್ಮ ಅಂಗಳದಾಗ ನನಗೊಂದು ಸಾಣಿಗಿ ಕೊಡಸ್ರಿ, ಅಷ್ಟ ಸಾಕು."

ಅಜ್ಜನವರು ಸ್ಪರ್ಶಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಕಟ್ಟೆಯ ಮೇಲೆ ಜಪಕ್ಕೆ ಕುಳಿತಿದ್ದರು. ಕಣ್ಣಿನಲ್ಲಿಯೇ ಅಪ್ಪಣೆಯಾಯಿತು. ಅಮ್ಮ ಹಿಟ್ಟಿನ ಸಾಣಿಗೆಯನ್ನು ಹೊರಗೆ ಇಟ್ಟರು. ಮಾಸ್ತರರು ಅದನ್ನು ಬಿಸಿಲಿಗೆ ಹಿಡಿದರು. ಸಗಣಿಯಿಂದ ಸಾರಿಸಿದ ನೆಲದ ಮೇಲೆ ನೂರಾರು ಸಣ್ಣ ಸೂರ್ಯರು ಬಿದ್ದರು. ಎಲ್ಲರೂ ಒಂದೇ ಕಡೆಗೆ ಕಚ್ಚಲ್ಪಟ್ಟವರು. ನೋಡುತ್ತಿದ್ದಂತೆ ಅವು ಬಿದಿಗೆಯ ಚಂದ್ರರೇಖೆಗಳಂತಾದವು. ಮೂರೂವರೆಯ ತರುವಾಯ ಬಿಸಿಲಿನ ಬಣ್ಣವೇ ಬದಲಾಗಿ, ಕಾಗೆಗಳು ಬೇವಿನ ಮರಕ್ಕೆ ಮರಳಿ, ಸಾಣಿಗೆಯ ನೆರಳಿನಲ್ಲಿ ಏನೂ ಉಳಿಯಲಿಲ್ಲ. ಎರಡು ನಿಮಿಷಗಳಿಗೂ ಮೀರಿ ಕತ್ತಲೆ. ಅಜ್ಜನವರು ಮಣಿಯನ್ನು ಎಣಿಸುತ್ತಿದ್ದ ಬೆರಳನ್ನು ನಿಲ್ಲಿಸದೆ ನೆಲವನ್ನೇ ನೋಡುತ್ತಿದ್ದರು. ಬೆಳಕು ಮರಳಿ, ಮೋಕ್ಷಸ್ನಾನವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಮಾಸ್ತರ, ನಿಮ್ಮ ಗಡಿಯಾರದಾಗ ಮೋಕ್ಷಕಾಲ ಎಷ್ಟಕ್ಕ ಬಂತು?" ಎಂಬುದು. ಮಾಸ್ತರರು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡಿದ್ದರು. ಅಜ್ಜನವರು ಪಂಚಾಂಗವನ್ನು ತರಿಸಿದರು. ಕೆಲವೇ ನಿಮಿಷಗಳ ವ್ಯತ್ಯಾಸ. ಪಂಚಾಂಗದ ಗಣಿತ ಯಾವ ಊರಿನ ರೇಖೆಗೆ ಹಾಕಿದ್ದು ಎಂದು ಮಾಸ್ತರರು ಕೇಳಿದರು. ಅದರ ಮೇಲೆ ಇಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ಮಾತನಾಡಿದರು. ಚಂದ್ರನೇ ಸೂರ್ಯನನ್ನು ಮರೆಮಾಡುವನೆಂದೂ, ಚಂದ್ರಗ್ರಹಣಕ್ಕೆ ಭೂಮಿಯ ನೆರಳೇ ಕಾರಣವೆಂದೂ ಆರ್ಯಭಟನು ಹೇಳಿ ಹದಿನೈದು ಶತಮಾನಗಳೇ ಆಗುತ್ತ ಬಂದವೆಂಬುದನ್ನು ನಾವು ಮೊದಲು ಕೇಳಿದ್ದು ಆ ಸಂಜೆಯಲ್ಲಿ.

ಮಾಸ್ತರರು ಹೊರಟ ಮೇಲೆ ಅಜ್ಜನವರು ನಮಗೆ ಹೇಳಿದರು: "ಸೂರ್ಯಗ ಏನಾಗತದ ಅನ್ನೂದನ್ನ ಅವರು ಹೇಳ್ತಾರ. ಆ ಹೊತ್ತಿನಾಗ ನಾವೇನ ಮಾಡಬೇಕು ಅನ್ನೂದನ್ನ ಶಾಸ್ತ್ರ ಹೇಳತದ. ಎರಡೂ ಕೇಳು."

ಬಹುಕಾಲ ನಾವು ಈ ಮಾತನ್ನು ಪೂರ್ಣಸಮಾಧಾನವೆಂದೇ ತಿಳಿದಿದ್ದೆವು. ಈಗ ಹಾಗೆ ತೋರುವುದಿಲ್ಲ. ಆಗುವುದು ಒಂದು ಕಡೆ, ಮಾಡುವುದು ಇನ್ನೊಂದು ಕಡೆ ಎಂದು ಗೋಡೆ ಹಾಕಿಬಿಟ್ಟರೆ ಜಗಳ ತಪ್ಪುತ್ತದೆ, ನಿಜ. ಆದರೆ ಪುರಾಣದ ರಾಹುವಿನ ಕಥೆಗೆ ಅರ್ಥವೇನೆಂದು ಕೇಳುವ ಮಗುವನ್ನು ಆ ಗೋಡೆಯ ಹಿಂದೆ ತಳ್ಳಿದಂತಾಗುತ್ತದೆ. ಶಾಸ್ತ್ರವನ್ನು ಗೌರವಿಸುವವನು ಅದರ ಅರ್ಧವಾಕ್ಯವನ್ನೂ ಬಿಡದೆ ಓದುವ ಶ್ರಮವನ್ನು ಪಡಬೇಕು. ನಾವು ಇನ್ನೂ ಆ ಶ್ರಮದಲ್ಲಿಯೇ ಇದ್ದೇವೆ. ಅಜ್ಜನವರ ಮಾತಿನಲ್ಲಿ ನಮಗೆ ಇಂದಿಗೂ ಅತಿ ದೊಡ್ಡದಾಗಿ ಕಾಣುವುದು ಕೊನೆಯ ಎರಡು ಶಬ್ದಗಳು.

ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಡಬಾರದು. ಗ್ರಹಣದ ದಿನ ಮಾಸ್ತರರು ಅಂಗಳದಲ್ಲಿ ನಿಂತದ್ದು ಸಹಜವೇ. ಆದರೆ ಬೇರೆ ದಿನಗಳಲ್ಲಿ ಬಂದಾಗಲೂ ಅವರು ಹೊರಗಿನ ಕಟ್ಟೆಯ ಮೇಲೆಯೇ ಕೂರುತ್ತಿದ್ದರು. ನೀರಿನ ತಂಬಿಗೆ ಅಲ್ಲಿಗೇ ಬರುತ್ತಿತ್ತು. ಒಳಗೆ ಬನ್ನಿರೆಂದು ಯಾರೂ ಕರೆಯಲಿಲ್ಲ. ದೊಡ್ಡವರಾದ ಮೇಲೆ ನಾವೂ ಕರೆಯಲಿಲ್ಲ. ಅವರು ಅದನ್ನು ಗಮನಿಸಿದಂತೆ ಎಂದೂ ತೋರಿಸಿಕೊಳ್ಳಲಿಲ್ಲ. ಗಮನಿಸಿರಲಿಲ್ಲವೆಂದು ನಾವು ನಮ್ಮನ್ನು ಸಮಾಧಾನಪಡಿಸಿಕೊಳ್ಳುವಂತಿಲ್ಲ. 98ನ್ನು 98 ಎಂದೇ ಓದುವ ಕಣ್ಣು ಅವರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂಥವರು ಗುರುಗಳೆನಿಸುವರೇ?

ನಮ್ಮ ಸಿದ್ಧಾಂತದಲ್ಲಿ ಗುರು ಎಂಬ ಶಬ್ದವನ್ನು ಕಂಡಕಂಡಲ್ಲಿ ಬಳಸುವಂತಿಲ್ಲ. ತತ್ತ್ವಜ್ಞಾನವನ್ನು ಕೊಟ್ಟು ಭಗವಂತನ ಕಡೆಗೆ ನಡೆಸುವವನು ಮುಖ್ಯಗುರು. ಶ್ರೀ ವೇದವ್ಯಾಸರು, ಶ್ರೀಮದಾಚಾರ್ಯರು, ಅವರ ಪರಂಪರೆಯ ಯತಿಗಳು, ಆ ಪರಂಪರೆಯಲ್ಲಿ ಪಾಠ ಹೇಳಿದವರು, ಈ ಸಾಲಿನಲ್ಲಿ ರಸಾಯನಶಾಸ್ತ್ರದ ಮಾಸ್ತರನನ್ನು ತಂದು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಎಲ್ಲರೂ ಸಮಾನರೆಂದುಬಿಡುವುದು ಈ ಕಾಲದ ಸುಲಭವಾದ ಔದಾರ್ಯ. ತಾರತಮ್ಯವನ್ನು ಒಪ್ಪಿದವರಿಗೆ ಆ ಸೌಕರ್ಯವಿಲ್ಲ. ಆದರೆ ತಾರತಮ್ಯವೆಂದರೆ ಮೇಲಿನವರನ್ನು ಎಣಿಸಿ ಕೆಳಗಿನವರನ್ನು ಅಳಿಸಿಹಾಕುವುದಲ್ಲ. ಮೆಟ್ಟಿಲು ಎಷ್ಟು ಕೆಳಗಿದ್ದರೂ ಮೆಟ್ಟಿಲೇ. ಅದರ ಮೇಲೆ ಕಾಲಿಡದೆ ಮೇಲೆ ಹೋದವರಿಲ್ಲ. ಅವರವರಿಗೆ ಸಲ್ಲಬೇಕಾದುದನ್ನು ಅವರವರ ಪ್ರಮಾಣದಲ್ಲಿ ಸಲ್ಲಿಸುವುದೇ ತಾರತಮ್ಯದ ನ್ಯಾಯ. ಏನನ್ನೂ ಸಲ್ಲಿಸದಿರುವುದಕ್ಕೆ ಅದನ್ನು ನೆಪಮಾಡಿಕೊಂಡರೆ ಅದು ಲೋಭವಾದೀತು.

ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳ ವಿಷಯ ಹೇಳುವುದನ್ನು ಸಪ್ತಾಹಗಳಲ್ಲಿ ಎಲ್ಲರೂ ಕೇಳಿದ್ದೇವೆ. ಭೂಮಿ, ಗಾಳಿ, ಹೆಬ್ಬಾವು, ಜೇನುಹುಳು, ಪಿಂಗಳೆಯೆಂಬ ವೇಶ್ಯೆ, ಪಕ್ಕದಲ್ಲಿ ರಾಜನ ಮೆರವಣಿಗೆ ಹಾದುಹೋದರೂ ತಲೆಯೆತ್ತದೆ ಬಾಣವನ್ನು ನೆಟ್ಟಗೆ ಮಾಡುತ್ತಿದ್ದ ಕಮ್ಮಾರ. ಇವರಲ್ಲಿ ಯಾರೂ ಅವನಿಗೆ ಉಪದೇಶ ಮಾಡಬೇಕೆಂದು ಮಾಡಿದವರಲ್ಲ. ಆದರೂ ಅವನು ಗುರುಗಳೆಂದೇ ಕರೆದನು. ನಮ್ಮ ಮಾಸ್ತರರಾದರೋ ಬೇಕೆಂದೇ ಕಲಿಸಿದವರು. ಬೆಳಗಿನ ಶಾಲೆಯಿರುವ ಶನಿವಾರಗಳಲ್ಲಿ ಮಧ್ಯಾಹ್ನ ಮನೆಗೆ ಹೋಗದೆ, ಲೆಕ್ಕ ಬಾರದ ಹುಡುಗರನ್ನು ಕೂರಿಸಿಕೊಂಡು ಒಂದು ಕಾಸು ಪಡೆಯದೆ ಹೇಳಿಕೊಟ್ಟವರು.

ಆದರೆ ಅವರು ಹೇಳಿಕೊಟ್ಟದ್ದು ಅಪರಾವಿದ್ಯೆಯಲ್ಲವೇ ಎಂದು ಕೇಳಬಹುದು. ಮುಂಡಕವು ಪರಾ, ಅಪರಾ ಎಂದು ಎರಡು ವಿದ್ಯೆಗಳನ್ನು ಹೇಳಿ, ಋಗ್ವೇದಾದಿಗಳನ್ನೇ ಅಪರೆಯಲ್ಲಿ ಎಣಿಸುತ್ತದೆ. ಇದರಿಂದ ವೇದವನ್ನೇ ಕೀಳುಮಾಡಿದಂತಾಯಿತೆಂದು ಗಾಬರಿಯಾಗುವವರಿಗೆ ಶ್ರೀಮದಾಚಾರ್ಯರ ಭಾಷ್ಯದಲ್ಲಿ ಉತ್ತರವಿದೆ. ವಿಷ್ಣುವನ್ನು ತಿಳಿಸದ ರೀತಿಯಲ್ಲಿ ಓದಿದಾಗ ಯಾವುದು ಅಪರಾವಿದ್ಯೆಯೋ, ವಿಷ್ಣುಪರವಾಗಿ ತಿಳಿದಾಗ ಅದೇ ಪರಾವಿದ್ಯೆ. ಗ್ರಂಥ ಬೇರೆಯಾಗಲಿಲ್ಲ, ತಿಳಿಯುವ ದೃಷ್ಟಿ ಬೇರೆಯಾಯಿತು. ವೇದಕ್ಕೇ ಈ ನ್ಯಾಯವಿರುವಾಗ, ಕುದಿಯುವ ನೀರಿನ ವಿದ್ಯೆಯನ್ನು ಎಲ್ಲಿ ಇಡಬೇಕೆಂಬುದು ಅದನ್ನು ಕಲಿತವನ ಕೈಯಲ್ಲಿಯೂ ಸ್ವಲ್ಪ ಇದೆ.

ಇನ್ನೂ ಒಂದು ಮಾತು. ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತದ ಅಡಿಗಲ್ಲು. ಐದು ಬಗೆಯ ಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು; ಅದೂ ಸತ್ಯ. ನೀರಿನ ಸ್ವಭಾವ ನೀರಿನದು, ಪಾದರಸದ ಸ್ವಭಾವ ಪಾದರಸದ್ದು. ಪ್ರತಿಯೊಂದಕ್ಕೂ ಆ ಸ್ವಭಾವವನ್ನಿತ್ತು ನಿಯಮಿಸುವವನು ಶ್ರೀಹರಿ. ಹೀಗಿರಲು ವಸ್ತುಗಳ ಸ್ವಭಾವವನ್ನು ಇದ್ದಂತೆ ತಿಳಿಸಿಕೊಡುವವನು ಸತ್ಯವನ್ನೇ ಹೇಳಿಕೊಡುತ್ತಾನೆ, ಕನಸಿನ ವಿವರಗಳನ್ನಲ್ಲ. ಜಗತ್ತನ್ನು ಮಿಥ್ಯೆಯೆನ್ನುವವರ ಮನೆಯಲ್ಲಿ ವಿಜ್ಞಾನದ ಮಾಸ್ತರನಿಗೆ ಯಾವ ಆಸನವೋ ಅವರೇ ಹೇಳಬೇಕು. ನಮ್ಮ ಮನೆಯಲ್ಲಂತೂ ಅವನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸುವುದಕ್ಕೆ ಶಾಸ್ತ್ರದಲ್ಲಿ ಕಾರಣ ಸಿಕ್ಕಲಿಲ್ಲ.

ಮಾಸ್ತರರು ದೇವಭಕ್ತರಾಗಿದ್ದರೇ ಎಂದು ಪುರೋಹಿತರು ಕೇಳಲಿಲ್ಲ, ಕೇಳುವವರಿರಬಹುದು. ವೀರನಾರಾಯಣನ ಗುಡಿಗೆ ಅವರು ಬಂದದ್ದನ್ನು ನಾವು ನೋಡಿದ್ದು ಎರಡೋ ಮೂರೋ ಸಲ, ಅದೂ ಶಾಲೆಯ ಹುಡುಗರಿಗೆ ಶಿಲ್ಪವನ್ನು ತೋರಿಸಲು. ಹತ್ತನೆಯ ತರಗತಿಯಲ್ಲಿ ಒಬ್ಬನು ಧೈರ್ಯಮಾಡಿ, ದೇವರಿದ್ದಾನೋ ಇಲ್ಲವೋ ಎಂದು ಕೇಳಿಯೇಬಿಟ್ಟನು. ಅವರು ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, "ಅದನ್ನ ಅಳಿಯೂ ಮಾಪಕ ನನ್ನ ಹತ್ರ ಇಲ್ಲ. ಮಾಪಕ ಇಲ್ಲ ಅಂದ್ರ ವಸ್ತುನ ಇಲ್ಲ ಅಂತ ಜರ್ನಲ್ಲಿನಾಗ ಬರಿಯಬ್ಯಾಡ್ರಿ" ಎಂದರು. ಕೆಲವರಿಗೆ ಇದು ನಾಸ್ತಿಕನ ಮಾತೆನಿಸಿತು. ಊರಿನಲ್ಲಿ ಒಂದೆರಡು ದಿನ ಗುಸುಗುಸು ನಡೆಯಿತು. ಆದರೆ ಭಗವಂತನು ಇಂದ್ರಿಯಗಳಿಗೆ ಸಿಕ್ಕುವವನಲ್ಲ, ಬರಿಯ ಅನುಮಾನದಿಂದಲೂ ಸಿದ್ಧನಾಗುವವನಲ್ಲ, ಸದಾಗಮಗಳಿಂದಲೇ ತಿಳಿಯಬೇಕಾದವನು ಎಂದು ವಿಷ್ಣುತತ್ತ್ವವಿನಿರ್ಣಯವನ್ನು ಓದಿದವರು ತಿಳಿದಿರಬೇಕು. ಮಾಸ್ತರರು ಆಗಮದ ಮಾತನ್ನು ಆಡಲಿಲ್ಲ. ಅದು ಅವರ ಅಧಿಕಾರವಲ್ಲವೆಂದು ಬಿಟ್ಟರು. ತನ್ನ ಪ್ರಮಾಣದ ಎಲ್ಲೆಯನ್ನು ಅರಿತು ಅಲ್ಲಿಗೇ ನಿಂತವನ ನಾಲಗೆಯಲ್ಲಿ ನಾಸ್ತಿಕ್ಯವನ್ನು ಹುಡುಕುವುದು ನ್ಯಾಯವಲ್ಲ.

ನಮ್ಮ ಸ್ವಂತ ಅಪರಾಧವನ್ನು ಈಗ ಹೇಳಬೇಕು.

2019ನೆಯ ಡಿಸೆಂಬರ್ 26ರ ಕಂಕಣಗ್ರಹಣದ ಬೆಳಿಗ್ಗೆ ಬೆಂಗಳೂರಿನ ಮನೆಯ ಮಾಳಿಗೆಯ ಮೇಲೆ ನಾವು ಮೊಮ್ಮಕ್ಕಳಿಗೆ ಸಾಣಿಗೆ ಹಿಡಿದು ತೋರಿಸಿದೆವು. ಬೆಂಗಳೂರಿನಲ್ಲಿ ಕಂಕಣ ಕಾಣಲಿಲ್ಲ, ಖಂಡಗ್ರಾಸವೇ. ಆದರೂ ಸೂರ್ಯಬಿಂಬದ ಬಹುಭಾಗ ಮರೆಯಾಗಿತ್ತು. ಸ್ನಾನಜಪಗಳಾದ ಮೇಲೆ ಮಾಸ್ತರರಿಗೆ ದೂರವಾಣಿ ಮಾಡಿದೆವು. ಎಂಬತ್ತರ ಸಮೀಪದ ವಯಸ್ಸು, ಧ್ವನಿ ಕುಗ್ಗಿತ್ತು. "ಸಾಣಿಗಿ ಯಾವದು, ಹಿಟ್ಟಿಂದೋ ರವಾದ್ದೋ?" ಎಂದು ಕೇಳಿ ನಕ್ಕರು. ಆಗ ಮಾತು ಎಲ್ಲೆಲ್ಲಿಗೋ ಹೋಗಿ, ನಾವು ಪ್ರವಚನಗಳಲ್ಲಿ ಹೇಳುವ ಸಾಕ್ಷಿಯ ವಿಚಾರಕ್ಕೆ ಬಂದಿತು. ಎರಡು ವಾರಗಳ ಮೇಲೆ ಅವರದೊಂದು ಅಂಚೆಕಾರ್ಡು ಬಂದಿತು. ಸಾಲು ನೆಟ್ಟಗೆ, ಅಕ್ಷರ ಮೊದಲಿನಂತೆಯೇ ದುಂಡಗೆ. ಕೇಳಿದ್ದು ಇಷ್ಟು: ನೀರಿನ ಉಷ್ಣತೆಯನ್ನು ಮಾಪಕದಿಂದ ತಿಳಿದೆವು, ಮಾಪಕ ಸರಿಯೋ ಎಂಬುದನ್ನು ಮಂಜಿನಿಂದ ತಿಳಿದೆವು, ಮಂಜನ್ನು ಯಾವುದರಿಂದ ಪರೀಕ್ಷಿಸಬೇಕು? ಪರೀಕ್ಷೆಗೆ ಪರೀಕ್ಷೆ ಹೀಗೆ ಎಲ್ಲಿಗೆ ನಿಲ್ಲುತ್ತದೆ? ಐವತ್ತು ವರ್ಷ ಹುಡುಗರಿಗೆ ಪಾಠ ಹೇಳಿದೆ, ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದೆ. ನಿಮ್ಮ ಶಾಸ್ತ್ರದಲ್ಲಿ ಉತ್ತರವಿದ್ದರೆ ಬರೆಯಿರಿ.

ವಿಷಯ ದೊಡ್ಡದು, ಅನುವ್ಯಾಖ್ಯಾನ ಹಾಗೂ ನ್ಯಾಯಸುಧೆಗಳನ್ನು ಮತ್ತೊಮ್ಮೆ ನೋಡಿ ವಿಸ್ತಾರವಾಗಿ ಬರೆಯೋಣವೆಂದು ಕಾರ್ಡನ್ನು ಪುಸ್ತಕದೊಳಗೆ ಇಟ್ಟೆವು. ಚಾತುರ್ಮಾಸ್ಯ ಬಂದಿತು, ಆರಾಧನೆಗಳು ಬಂದವು, ಪ್ರವಚನದ ತಿರುಗಾಟ ಬಂದಿತು. ಒಂದು ಪುಟ ಬರೆದು ಹರಿದೆವು. ವರ್ಷಗಳು ಉರುಳಿದವು. ಹೋದ ವೈಶಾಖದಲ್ಲಿ ಸುದ್ದಿ ಬಂದಾಗ ಕಾರ್ಡು ಆ ಪುಸ್ತಕದಲ್ಲಿಯೇ ಇತ್ತು. ಶಾಸ್ತ್ರವನ್ನು ಜನರಿಗೆ ತಿಳಿಸುತ್ತೇವೆಂದು ಊರೂರು ತಿರುಗಿದವರು, ತಿಳಿಯಬೇಕೆಂದು ತಾನಾಗಿ ಕೇಳಿದ ಒಬ್ಬರಿಗೆ ತಿಳಿಸಲಿಲ್ಲ. ಅವರು ನಮಗೆ ಸೊನ್ನೆ ಹಾಕಿದ ಮರುದಿವಸವೇ ಮಂಜು ತರಿಸಿದ್ದರು.

ಬರೆಯಬೇಕಾಗಿದ್ದ ಉತ್ತರವನ್ನು ಇಲ್ಲಿಯಾದರೂ ಬರೆಯುತ್ತೇವೆ. ಪಂಡಿತರು ಸಂಕ್ಷೇಪವನ್ನು ಮನ್ನಿಸಬೇಕು.

ಮಾಸ್ತರರೇ, ನಮ್ಮವರು ಪ್ರತ್ಯಕ್ಷವನ್ನು ಏಳು ಬಗೆಯೆನ್ನುತ್ತಾರೆ. ಕಣ್ಣು ಮೊದಲಾದ ಐದು ಇಂದ್ರಿಯಗಳು, ಮನಸ್ಸು, ಏಳನೆಯದು ಸಾಕ್ಷಿ. ಸಾಕ್ಷಿಯೆಂದರೆ ಆತ್ಮನ ಸ್ವರೂಪವೇ ಆದ 'ಇಂದ್ರಿಯ'. ದೇಹದೊಡನೆ ಬಂದು ದೇಹದೊಡನೆ ಹೋಗುವಂಥದಲ್ಲ. ನಾನಿದ್ದೇನೆಂಬುದನ್ನೂ, ನನ್ನ ಸುಖದುಃಖಗಳನ್ನೂ, ಕಾಲವನ್ನೂ, ನನಗೆ ಇಂಥ ಜ್ಞಾನ ಉಂಟಾಯಿತೆಂಬುದನ್ನೂ ಅದು ನೇರವಾಗಿ ತಿಳಿಯುತ್ತದೆ. ಹೊರಗಿನ ಇಂದ್ರಿಯಗಳು ತಪ್ಪಬಹುದು. ಬಿಸಿಲ್ಗುದುರೆಯನ್ನು ನೀರೆಂದು ಕಣ್ಣು ಹೇಳಬಹುದು, ಮನಸ್ಸು ಅದನ್ನು ನಿಶ್ಚಯವೆಂದು ಹಿಡಿಯಬಹುದು. ಸಂಶಯ ಬಂದಾಗ ಪರೀಕ್ಷೆ ಬೇಕು. ಆದರೆ ಪರೀಕ್ಷೆಯು ಜ್ಞಾನಕ್ಕೆ ಸತ್ಯತ್ವವನ್ನು ಹೊಸದಾಗಿ ತಂದುಕೊಡುವುದಿಲ್ಲ. ದೋಷವಿರಬಹುದೆಂಬ ಸಂಶಯವನ್ನು ತೆಗೆಯುತ್ತದೆ, ಅಷ್ಟೆ. ಸಂಶಯ ಕಳೆದ ಕೂಡಲೆ ಆ ಜ್ಞಾನ ನಿಜವೆಂಬುದನ್ನು ಹಿಡಿಯುವುದು ಸಾಕ್ಷಿಯೇ. ಬಾಯಾರಿದವನು ಹತ್ತಿರ ಹೋಗಿ ನೀರು ಕುಡಿದನು, ದಾಹ ತಣಿಯಿತು. ದಾಹ ತಣಿಯಿತೋ ಇಲ್ಲವೋ ಎಂದು ಯಾರೂ ಇನ್ನೊಬ್ಬರನ್ನು ಕೇಳಲು ಹೋಗುವುದಿಲ್ಲ. ತಣಿದದ್ದು ಸಾಕ್ಷಿಗೆ ನೇರವಾಗಿ ಕಂಡಿದೆ, ಅಲ್ಲಿ ಸಂಶಯಕ್ಕೆ ಎಡೆಯಿಲ್ಲ. ಪರೀಕ್ಷೆಗಳ ಸಾಲು ನಿಲ್ಲುವುದು ಅಲ್ಲಿ. ನಿಲ್ಲದಿದ್ದರೆ ಅನವಸ್ಥೆಯಾಗಿ ಮಂಜನ್ನೂ ನಂಬುವಂತಿಲ್ಲ, ಮಾಪಕವನ್ನೂ ನಂಬುವಂತಿಲ್ಲ, ಯಾವನೂ ಒಂದು ಗುಟುಕು ನೀರನ್ನೂ ಕುಡಿಯುವಂತಿಲ್ಲ.

ಹಾಗಾದರೆ ಪ್ರತಿಯೊಬ್ಬನೂ ನನ್ನ ಸಾಕ್ಷಿ ಹೀಗೆ ಹೇಳುತ್ತದೆಂದು ತನಗೆ ಬೇಕಾದುದನ್ನು ಸಾಧಿಸಬಹುದಲ್ಲ ಎಂದು ನೀವು ಕೇಳುವಿರಿ, ಕೇಳದೆ ಬಿಡುವವರಲ್ಲ. ಹಾಗಲ್ಲ. ಬೇಕಾದುದನ್ನು ನಿಜವೆಂದು ಹೇಳುವುದು ಮನಸ್ಸು, ಸಾಕ್ಷಿಯಲ್ಲ. ಎಂಟನೆಯ ತರಗತಿಯಲ್ಲಿ ನಾವು 100 ಎಂದು ಬರೆದ ಹೊತ್ತಿನಲ್ಲಿ, ನಾವು ಕಂಡದ್ದು 98 ಎಂಬುದು ನಮಗೆ ತಿಳಿದೇ ಇತ್ತು. ಸಾಕ್ಷಿ ತಪ್ಪಲಿಲ್ಲ. ನಾವು ಅದನ್ನು ಕೇಳಲಿಲ್ಲ.

ಇಷ್ಟು ಬರೆದ ಮೇಲೆ ಗೋತ್ರದ ಪ್ರಶ್ನೆ ಉಳಿಯಿತು. ಮಾಸ್ತರರ ಮಗನಿಗೆ ದೂರವಾಣಿ ಮಾಡಿ ಕಾರಣವನ್ನು ಹೇಳಿದೆವು. ಆತನು ಕೆಲಹೊತ್ತು ಮಾತನಾಡಲಿಲ್ಲ. ಆಮೇಲೆ, "ನನಗೂ ಗೊತ್ತಿಲ್ರಿ. ಅಪ್ಪಾವರು ಹೇಳಿರಲಿಲ್ಲ. ನಮ್ಮ ದೊಡ್ಡಪ್ಪನವರ ಕಡೆ ಕೇಳಬೇಕು" ಎಂದನು. ಅಮಾವಾಸ್ಯೆಯವರೆಗೆ ಉತ್ತರ ಬರಲಿಲ್ಲ. ತಂದೆಯ ಪುಸ್ತಕಗಳ ಜೊತೆಯಲ್ಲಿ ಹಳೆಯದೊಂದು ಟಿಪ್ಪಣಿಪುಸ್ತಕ ಸಿಕ್ಕಿತೆಂದೂ, ಅದರಲ್ಲಿ 1980ರ ಗ್ರಹಣದ ವೇಳೆಗಳನ್ನು ಎರಡು ಸಾಲುಗಳಲ್ಲಿ ಬರೆದಿದೆಯೆಂದೂ, ಒಂದರ ಮೇಲೆ 'ಗಡಿಯಾರ' ಎಂದೂ ಇನ್ನೊಂದರ ಮೇಲೆ 'ಆಚಾರ್ಯರ ಪಂಚಾಂಗ' ಎಂದೂ ಇದೆಯೆಂದೂ ಮಾತ್ರ ತಿಳಿಸಿದನು.

ಕಾಶ್ಯಪ ಎನ್ನುವ ರೂಢಿಯನ್ನು ನಾವು ತಪ್ಪೆನ್ನುವುದಿಲ್ಲ. ತಿಳಿಯುವ ದಾರಿಯೇ ಇಲ್ಲದವರಿಗೆ ಹಿರಿಯರು ಮಾಡಿಕೊಟ್ಟ ಅನುಕೂಲವದು. ಆದರೆ ನಮ್ಮಿಂದ ಅದನ್ನು ಹೇಳಲಾಗಲಿಲ್ಲ. ಛಾಂದೋಗ್ಯದ ಸತ್ಯಕಾಮನು ಗೌತಮರ ಮುಂದೆ ನಿಂತು, ನನ್ನ ಗೋತ್ರ ನನಗೆ ತಿಳಿಯದು, ತಾಯಿಗೂ ತಿಳಿಯದು ಎಂದು ಇದ್ದದ್ದನ್ನೇ ಹೇಳಿದನು. ಯಾವುದೋ ಒಂದು ಹೆಸರನ್ನು ಹೇಳಿ ಪಾರಾಗಬಹುದಿತ್ತು. ನೋಡದ ಅಂಕಿಯನ್ನು ಬರೆದದ್ದಕ್ಕೆ ಸೊನ್ನೆ ಕೊಟ್ಟವರ ಹೆಸರಿನ ಮುಂದೆ, ನಮಗೆ ತಿಳಿಯದ ಗೋತ್ರವನ್ನು ಸೇರಿಸಿ ಹೇಳಲು ನಾಲಗೆ ಏಳಲಿಲ್ಲ.

ಪುರೋಹಿತರೊಡನೆ ಇದನ್ನೆಲ್ಲ ಮಾತನಾಡಿದೆವು. ಮಾಘ ಶುದ್ಧ ಅಷ್ಟಮಿಯಂದು ನಮ್ಮ ಬಳಗಕ್ಕೆ ಸೇರದ ಭೀಷ್ಮಾಚಾರ್ಯರಿಗೆ ಎಲ್ಲರೂ ನೀರು ಬಿಡುವುದಿಲ್ಲವೇ ಎಂದು ಅವರೇ ನೆನಪಿಸಿದರು. ತರ್ಪಣದ ಕೊನೆಯಲ್ಲಿ ತಂದೆ, ತಾಯಿ, ಬಂಧು ಯಾರೂ ಇಲ್ಲದವರಿಗೂ, ಹುಲ್ಲುಕಡ್ಡಿಯವರೆಗಿನ ಸಮಸ್ತ ಜೀವರಿಗೂ ನೀರು ಬಿಡುವ ಕ್ರಮವಿದೆಯಷ್ಟೆ. ಪಿತೃದೇವತೆಗಳ ಒಳಗೆ ನಿಂತು ಆ ನೀರನ್ನು ಸ್ವೀಕರಿಸುವವನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಭಗವಂತನು. ಯಾರಿಗೆ ಎಲ್ಲಿ ತಲುಪಬೇಕೆಂಬುದು ಅವನಿಗೆ ತಿಳಿದಿದೆ. ಬೆಟಗೇರಿಯ ಗೋತ್ರವೂ ತಿಳಿದಿದೆ. ಹೀಗೆ ಇಬ್ಬರೂ ಒಂದು ನಿಶ್ಚಯಕ್ಕೆ ಬಂದೆವು. ಶಾಸ್ತ್ರಗುರುಗಳ ಸ್ಥಾನದಲ್ಲಿ ಎಂದಿನಂತೆ ಅವರ ಹೆಸರು. ಕೊನೆಯಲ್ಲಿ, ಗೋತ್ರವಿಲ್ಲದೆ, ಬರಿಯ ಹೆಸರಿನಿಂದ ಮಾಸ್ತರರಿಗೆ ಮೂರು ಸಲ ಎಳ್ಳುನೀರು. ಇದಕ್ಕಿಂತ ಉತ್ತಮವಾದ ಕ್ರಮವನ್ನು ಬಲ್ಲವರು ತಿಳಿಸಿದರೆ ಬರುವ ವರ್ಷ ತಿದ್ದಿಕೊಳ್ಳುತ್ತೇವೆ.

ಮಹಾಲಯ ಅಮಾವಾಸ್ಯೆಯಂದು ಹಾಗೆಯೇ ನಡೆಯಿತು. ಪುರೋಹಿತರು ತಾವಾಗಿಯೇ, "ಉದ್ಯೋಗದ ಹೆಸರನ್ನು ಸೇರಿಸೋಣವೇ?" ಎಂದು ಕೇಳಿದರು. ಸೇರಿಸಿದೆವು. ಕಾರ್ಡು ಈಗಲೂ ಆ ಪುಸ್ತಕದಲ್ಲಿಯೇ ಇದೆ. ಉತ್ತರದ ಒಂದು ಪ್ರತಿಯನ್ನು ಬೆಟಗೇರಿಯ ವಿಳಾಸಕ್ಕೆ ಕಳುಹಿಸಿದ್ದೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥